ಮೂರನೆಯ ಸಂಪುಟ ಮುಗಿದಿಲ್ಲ ಎಂದವರು

ಹೋದ ವಾರ ಇಳಕಲ್ ಬಸ್‌ಸ್ಟ್ಯಾಂಡಿನಲ್ಲಿ ನಮ್ಮ ಕೋರ್ಟಿನ ಬೆಂಚ್ ಕ್ಲರ್ಕ್ ಸಿಕ್ಕರು. ಕೈಯಲ್ಲಿ ಬುತ್ತಿಯ ಚೀಲ. "ಮೇಡಂ, ನಿಮ್ಮ ಪುಸ್ತಕದ ಕಾಕಾ ತೀರ್ಕೊಂಡ್ರಂತ್ರಿ. ಮಣ್ಣೂ ಆಗೇತಿ. ನನಗೂ ಈಗ ಗೊತ್ತಾತು" ಎಂದರು. ಹುನಗುಂದದ ಬಸ್ಸು ಬಂತು, ಅವರು ಹತ್ತಿದರು. ನಾನು ಹತ್ತಲಿಲ್ಲ. ಮುಂದಿನ ಬಸ್ಸಿಗೆ ಹೋದರಾಯಿತು ಎಂದು ಕಟ್ಟೆಯ ಮೇಲೆ ಕುಳಿತೆ. ಅದೂ ಬಂದು ಹೋಯಿತು. ಅವತ್ತು ಕಚೇರಿಗೆ ತಡವಾಗಿ ಹೋಗಿ ಬೈಸಿಕೊಂಡೆ.

ಸತ್ತವರ ಬಗ್ಗೆ ಬರೆಯುವವರು ಹುಟ್ಟಿದ ಊರು, ಓದಿದ ಶಾಲೆ, ನೌಕರಿಗೆ ಸೇರಿದ ವರ್ಷ ಎಲ್ಲವನ್ನೂ ಜೋಡಿಸಿ ಬರೆಯುತ್ತಾರೆ. ಈ ಮನುಷ್ಯನ ವಿಷಯದಲ್ಲಿ ನನಗೆ ಅದ್ಯಾವುದೂ ಸರಿಯಾಗಿ ಗೊತ್ತಿಲ್ಲ. ಮಾಯಾಲೋಕದ ಒಂದು ಕಾದಂಬರಿ ಮಾಲೆಯ ನಡುವಿನ ಸಂಪುಟದ ಬಗ್ಗೆ ಅವರಿಗಿದ್ದ ಅಭಿಪ್ರಾಯ ಮಾತ್ರ ಚೆನ್ನಾಗಿ ಗೊತ್ತು. ನಗಬೇಡಿ. ಒಂದೇ ಸೂರಿನಡಿ ವರ್ಷಗಟ್ಟಲೆ ಕೆಲಸ ಮಾಡಿದವರ ಬಗ್ಗೆ ಅಷ್ಟಾದರೂ ಎಷ್ಟು ಜನಕ್ಕೆ ಗೊತ್ತಿರುತ್ತದೆ? ಆ ಅಭಿಪ್ರಾಯ ಈಗ ನನ್ನ ಬೆನ್ನು ಹತ್ತಿದೆ, ಬಿಡಿಸಿಕೊಳ್ಳಲು ಆಗುತ್ತಿಲ್ಲ.

ಹೆಸರು ಬರೆಯುವುದಿಲ್ಲ. ಬದುಕಿನುದ್ದಕ್ಕೂ ಬೇರೆಯವರ ಹೆಸರು ಕೂಗಿದ ಮನುಷ್ಯ ಅವರು. ತಮ್ಮ ಹೆಸರನ್ನು ಯಾರಾದರೂ ಗಟ್ಟಿಯಾಗಿ ಕರೆದರೆ ಕಳ್ಳತನದಲ್ಲಿ ಸಿಕ್ಕಿಬಿದ್ದವರ ಹಾಗೆ ಮುಖ ಮಾಡುತ್ತಿದ್ದರು. ವಕೀಲರಿಂದ ಹಿಡಿದು ಚಹಾದಂಗಡಿಯವನವರೆಗೆ ಎಲ್ಲರಿಗೂ ಕಾಕಾ.

ನಾನು ಹುನಗುಂದದ ಕೋರ್ಟಿನಲ್ಲಿ ಸ್ಟೆನೋ. ಅವರು ಅಲ್ಲಿಯೇ ಪಟ್ಟೇವಾಲ. ಕೋರ್ಟಿನ ಮೆಟ್ಟಿಲು ಹತ್ತದ ಪುಣ್ಯವಂತರಿಗಾಗಿ ಹೇಳುತ್ತೇನೆ: ಕೇಸು ಬಂದಾಗ ಪಟ್ಟೇವಾಲ ಬಾಗಿಲಿಗೆ ಹೋಗಿ ಪಕ್ಷಕಾರರ ಹೆಸರನ್ನು ಮೂರು ಸಲ ಗಟ್ಟಿಯಾಗಿ ಕೂಗಬೇಕು. ಅದಕ್ಕೆ ಪುಕಾರು ಎನ್ನುತ್ತಾರೆ. ಮೂರಕ್ಕೂ ಬಾರದಿದ್ದರೆ ಒಳಗೆ ಬಂದು "ಗೈರು" ಎನ್ನಬೇಕು. ಆಮೇಲೆ ಅವನಿಲ್ಲದೆ ಕೆಲಸ ಮುಂದುವರಿಯುತ್ತದೆ. ಮೂರನ್ನೂ ಒಂದೇ ಉಸಿರಿನಲ್ಲಿ ಮುಗಿಸುವ ಪುಕಾರುಗಳನ್ನು ನಾನು ಕೇಳಿದ್ದೇನೆ. ಹೊರಗಿದ್ದವನಿಗೆ ಕೂಗಿದ್ದು ತನ್ನ ಹೆಸರೋ ಅಲ್ಲವೋ ತಿಳಿಯುವಷ್ಟರಲ್ಲಿ ಎಲ್ಲ ಮುಗಿದಿರುತ್ತದೆ.

ಕಾಕಾ ಹಾಗಲ್ಲ. ಒಮ್ಮೆ ಕೂಗಿ ಸುಮ್ಮನೆ ನಿಲ್ಲುತ್ತಿದ್ದರು. ಬೇವಿನ ಮರದ ಬುಡ, ಝೆರಾಕ್ಸ್ ಅಂಗಡಿ, ರಸ್ತೆಯಾಚೆಯ ಚಹಾದಂಗಡಿ, ಎಲ್ಲ ಕಡೆ ಕಣ್ಣು ಹಾಯಿಸಿ ಆಮೇಲೆ ಎರಡನೆಯದು. ಮತ್ತೆ ನಿಲುಗಡೆ. ವಕೀಲರು ಕೈಗಡಿಯಾರ ನೋಡಿಕೊಳ್ಳುತ್ತಿದ್ದರು.

"ಕಾಕಾ, ಜಲ್ದಿ ಮುಗಸ್ರಿ. ನನಗ ಇನ್ನೊಂದು ಕೋರ್ಟಿನ್ಯಾಗ ಕೇಸ್ ಐತಿ."

"ಚಹಾ ಕುಡ್ಯಾಕ ಹೋಗಿರ್ತಾನ್ರಿ ವಕೀಲ್ರ. ಕಪ್ಪ ಕೆಳಗಿಟ್ಟು ಬರಾಕ ಹೊತ್ತು ಬೇಕಲ್ರಿ?"

ಅವರು ನಿವೃತ್ತರಾಗಿ ಹೊಸ ಹುಡುಗ ಬಂದಿದ್ದಾನೆ. ಒಳ್ಳೆಯ ಹುಡುಗ, ಕೂಗುವುದೂ ಸರಿಯಾಗಿಯೇ ಕೂಗುತ್ತಾನೆ. ಆದರೆ ಅವನು ಬಾಗಿಲಿಗೆ ಹೋದನೆಂದರೆ ಇವತ್ತಿಗೂ ನನ್ನ ಬೆರಳು ಕೀಲಿಮಣೆಯ ಮೇಲೆ ನಿಂತುಬಿಡುತ್ತವೆ. ಮೊದಲ ಕೂಗಿಗೂ ಎರಡನೆಯದಕ್ಕೂ ನಡುವೆ ಇರಬೇಕಾದ ಆ ಖಾಲಿ ಜಾಗವನ್ನು ಕಿವಿ ಹುಡುಕುತ್ತದೆ. ಕೆಲವೊಮ್ಮೆ ಆ ಖಾಲಿಯಲ್ಲಿ ಕಾಕಾನ ಉಸಿರಾಟ ಕೇಳಿಸಿದಂತಾಗಿ ತಿರುಗಿ ನೋಡುತ್ತೇನೆ.

ಅಷ್ಟು ದೊಡ್ಡ ದನಿಯವರು ಮಾತಿಗೆ ಕುಳಿತರೆ ಪಿಸುಮಾತು. ಚಹಾವನ್ನು ಬಸಿಗೆ ಸುರಿದುಕೊಂಡು, ಆರುವವರೆಗೆ ಕಾದು, ಆರಿದ ಮೇಲೂ ಊದಿ ಕುಡಿಯುತ್ತಿದ್ದರು. "ದನಿ ಸರ್ಕಾರದ್ದು ಅಕ್ಕಾರ, ಮನಿಗೆ ಒಯ್ಯಾಂಗಿಲ್ಲ" ಎಂದು ನನಗೊಮ್ಮೆ ಹೇಳಿದ್ದರು. ವಯಸ್ಸಿನಲ್ಲಿ ನನ್ನ ತಂದೆಯಷ್ಟಿದ್ದರೂ ನನ್ನನ್ನು ಅಕ್ಕಾರ ಎಂದೇ ಕರೆಯುತ್ತಿದ್ದರು. ಬಗ್ಗಿ ನಡೆಯುವವರಂತೂ ಅಲ್ಲ. ಸಿಟ್ಟು ಬಂದರೆ ಎದುರಿಗಿದ್ದವರ ಕಡೆ ನೋಡುವುದನ್ನೇ ನಿಲ್ಲಿಸಿಬಿಡುತ್ತಿದ್ದರು. ಗೋಡೆಯ ಜೊತೆ ಮಾತಾಡಿದ ಹಾಗೆ ಉತ್ತರ ಕೊಡುತ್ತಿದ್ದರು. ಹಟಮಾರಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎನ್ನುವ ಪೈಕಿ.

ಈಗ ಪುಸ್ತಕದ ವಿಷಯ. ನನಗೆ ಬಸ್ಸಿನಲ್ಲಿ ಕಾದಂಬರಿ ಓದುವ ಚಟ. ಅದರಲ್ಲೂ ಮಂತ್ರ, ಮಾಯೆ, ಎಲ್ಲೂ ಇಲ್ಲದ ರಾಜ್ಯ, ಮಾತಾಡುವ ಹಕ್ಕಿ ಇದ್ದರೆ ಮುಗಿಯಿತು, ಇಳಿಯುವ ಸ್ಟಾಪು ಮರೆತುಹೋಗುತ್ತದೆ. ಬಾಗಲಕೋಟೆಗೆ ಹೋದಾಗ ಐದು ಸಂಪುಟದ ಒಂದು ಮಾಲೆಯನ್ನು ಒಟ್ಟಿಗೇ ತಂದಿದ್ದೆ. ಒಂದು ರಾಜ್ಯದ ಗಂಟೆಗಳೆಲ್ಲ ಕಳುವಾಗಿರುತ್ತವೆ, ಅವನ್ನು ಹುಡುಕಿಕೊಂಡು ಒಂದು ಗುಂಪು ಹೊರಡುತ್ತದೆ. ಮೊದಲ ಸಂಪುಟದ ಮುಖಪುಟದಲ್ಲಿ ಮನುಷ್ಯರ ಮುಖದ ಹಕ್ಕಿ ಇತ್ತು. ಮಧ್ಯಾಹ್ನ ಬುತ್ತಿ ಬಿಚ್ಚುವಾಗ ಕಾಕಾ ಅದನ್ನು ನೋಡಿದರು.

"ಅಕ್ಕಾರ, ಈ ಹಕ್ಕಿ ಯಾವ ಕಡೀದು?"

"ಯಾವ ಕಡೀದೂ ಅಲ್ಲ ಕಾಕಾ. ಕಥಿಯೊಳಗಿಂದು."

"ಇಲ್ಲದ್ದರ ಚಿತ್ರ ಇಷ್ಟು ಛಂದ ತಗದಾರ?" ಎಂದು ಪುಸ್ತಕ ಎತ್ತಿಕೊಂಡು ಹೋದವರು ಸಂಜೆಯಾದರೂ ಕೊಡಲಿಲ್ಲ.

ಅವರು ಓದುವ ರೀತಿ ನೋಡಬೇಕಿತ್ತು. ಬಾಗಿಲ ಪಕ್ಕದ ಬೆಂಚಿನ ಮೇಲೆ ಕುಳಿತು, ಹಳೆಯ ಕ್ಯಾಲೆಂಡರಿನ ರಟ್ಟು ಹಾಕಿದ ಪುಸ್ತಕವನ್ನು ಮೊಣಕಾಲ ಮೇಲಿಟ್ಟುಕೊಂಡು, ತುಟಿ ಅಲ್ಲಾಡಿಸುತ್ತ ಓದುತ್ತಿದ್ದರು. ಒಳಗಿನಿಂದ ಗಂಟೆ ಹೊಡೆದರೆ ಎದ್ದು ಪುಕಾರು ಹಾಕಿ ಬಂದು ಬಿಟ್ಟಲ್ಲಿಂದ ಹಿಡಿಯುತ್ತಿದ್ದರು. ಓದಿದ್ದನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಪೈಕಿಯೂ ಅಲ್ಲ. ತಾರೀಖಿಗೆ ಬಂದು ಕಾಯುತ್ತ ಕುಳಿತವರಿಗೆಲ್ಲ ಹೇಳುತ್ತಿದ್ದರು. ಪಾಲಿನ ದಾವೆಗಾಗಿ ವರ್ಷಗಳಿಂದ ಅಲೆಯುತ್ತಿದ್ದ ಒಬ್ಬ ಅಜ್ಜಿ ನನ್ನನ್ನು ತಡೆದು, "ಯವ್ವಾ, ಆ ರಾಣಿ ತನ್ನ ತಮ್ಮಗ ಪಾಲ ಕೊಟ್ಳೋ ಇಲ್ಲೋ?" ಎಂದು ಕೇಳಿದ್ದಳು. ಯಾವ ರಾಣಿ ಎಂದು ನನಗೆ ಹೊಳೆಯಲು ಸ್ವಲ್ಪ ಹೊತ್ತು ಬೇಕಾಯಿತು. ಹೀಗೆ ಎರಡು ಸಂಪುಟ ಮುಗಿದವು. ಮೂರನೆಯದು ಬಂತು. ಹೆಸರು "ಮಂಜುಹೊಳೆ".

ನನ್ನ ಅಭಿಪ್ರಾಯ ಮೊದಲು ಹೇಳಿಬಿಡುತ್ತೇನೆ. ಐದರಲ್ಲಿ ಅದೇ ಸಪ್ಪೆ. ಮಾಲೆಯ ನಡುವಿನ ಪುಸ್ತಕಕ್ಕೆ ಬರುವ ರೋಗವೆಲ್ಲ ಅದಕ್ಕೆ ಬಂದಿದೆ. ಆರಂಭದ ಬೆರಗು ಮುಗಿದಿದೆ, ಕೊನೆ ಇನ್ನೂ ದೂರ, ಲೇಖಕರಿಗೆ ಪುಟ ತುಂಬಿಸಬೇಕಾಗಿದೆ. ನಡೆಯುತ್ತಾರೆ, ಒಲೆ ಹಚ್ಚುತ್ತಾರೆ, ಜಗಳಾಡುತ್ತಾರೆ, ಮತ್ತೆ ನಡೆಯುತ್ತಾರೆ. ಆಗುವುದೆಂದರೆ ಒಂದೇ ಸಂಗತಿ. ಗುಂಪು ಮಂಜು ಮುಸುಕಿದ ಹೊಳೆಯನ್ನು ದಾಟುವಾಗ ಎಲ್ಲರಿಗಿಂತ ಚಿಕ್ಕವನಾದ ಸೋಮಿಲ ಎಂಬವನು ದೋಣಿಯ ಹಗ್ಗ ಬಿಗಿಯಲು ಕೆಳಗಿಳಿಯುತ್ತಾನೆ, ಮಂಜಿನಲ್ಲಿ ಕಾಣದಾಗುತ್ತಾನೆ. ಉಳಿದವರು ಸ್ವಲ್ಪ ಹೊತ್ತು ದಡದಲ್ಲಿ ಕಾಯುತ್ತಾರೆ. ನಾಯಕ "ಹೊರಡೋಣ" ಎನ್ನುತ್ತಾನೆ. ಹೊರಡುತ್ತಾರೆ. ಅದಾದ ಮೇಲೆ ಪುಸ್ತಕದ ಅರ್ಧ ಭಾಗ ಅವನ ಸುದ್ದಿಯೇ ಇಲ್ಲ. ನಾನು ಹೊಳೆಯ ಅಧ್ಯಾಯವನ್ನು ಅವಸರದಲ್ಲಿ ಓದಿ ಮುಂದೆ ಹೋಗಿದ್ದೆ.

ಕಾಕಾ ಅಲ್ಲಿಯೇ ನಿಂತರು. ಒಂದು ಬೆಳಿಗ್ಗೆ ನಾನು ಬರುವುದನ್ನೇ ಕಾಯುತ್ತಿದ್ದರು.

"ಅಕ್ಕಾರ, ಇದನ್ನ ಬರದವಗ ಬುದ್ಧಿ ಐತೇನ್ರಿ?"

"ಯಾಕ ಕಾಕಾ? ಭಾಳ ಎಳದಾನಲ್ಲ?"

"ಎಳೀಲಿ ಬಿಡ್ರಿ, ಅದಕ್ಕೇನು. ಆ ಹುಡುಗ ಕಾಣವಲ್ಲ ಅಂದ ಮ್ಯಾಲ ಒಬ್ಬರರ ಬಾಯಿ ಬಿಟ್ಟು ಕೂಗ್ಯಾರೇನು? ಎಲ್ಲಾರೂ ದಂಡಿ ಮ್ಯಾಲ ಕುಂತು ನೀರು ನೋಡ್ತಾರ. ಹೆಸರು ಹಿಡದು ಒಬ್ಬರೂ ಕೂಗಿಲ್ಲ."

ನಾನು ನಕ್ಕೆ. ಪುಟ ತೆಗೆದು ತೋರಿಸಿದೆ. ಕೂಗಿದರೆ ಶತ್ರುಗಳಿಗೆ ಸುಳಿವು ಸಿಗುತ್ತದೆ, ಮಂಜಿನೊಳಗೆ ದನಿಯನ್ನು ನುಂಗುವ ಪ್ರಾಣಿಗಳಿವೆ ಎಂದು ನಾಯಕ ಹೇಳುವ ಸಾಲುಗಳು ಅಲ್ಲಿದ್ದವು.

"ಓದೀನ್ರಿ" ಎಂದರು ಕಾಕಾ. ಆಗಲೇ ಗೋಡೆಯ ಕಡೆ ತಿರುಗಿದ್ದರು. "ಶತ್ರುಗೆ ಕೇಳಿದ್ರ ಕೇಳಲಿ. ಪ್ರಾಣಿ ನುಂಗಿದ್ರ ನುಂಗಲಿ. ಕೂಗದಽ ಹೆಂಗ ಗೈರು ಅಂತಾರ? ಇದು ನ್ಯಾಯ ಅಲ್ರಿ."

"ಕಥಿ ಕಾಕಾ ಇದು, ಕೋರ್ಟ್ ಅಲ್ಲ."

"ಹೌದಲ್ರಿ. ಕೋರ್ಟಿನ್ಯಾಗನ ಕೂಗ್ತೇವಿ. ಕಥಿಯೊಳಗ ಯಾಕ ಕೂಗಬಾರದು?"

ನಾಲ್ಕನೆಯ ಸಂಪುಟ ಕೊಡಲು ಹೋದರೆ ಕೈ ಚಾಚಲಿಲ್ಲ. ಮೂರನೆಯದೇ ಇನ್ನೂ ಮುಗಿದಿಲ್ಲ ಎಂದರು. ಕೊನೆಯ ಪುಟ ಮುಗಿಸಿದ್ದನ್ನು ನಾನೇ ನೋಡಿದ್ದೆ. ಮತ್ತೆ ಹೊಳೆಯ ಅಧ್ಯಾಯಕ್ಕೆ ಹೋದರು. ಅದಷ್ಟನ್ನೇ ಓದಿ ಮುಚ್ಚುವುದು, ಮತ್ತೆ ತೆಗೆಯುವುದು. ನಾನು ರೇಗಿಸುತ್ತಿದ್ದೆ: "ಅವ ಇವತ್ತರ ಸಿಕ್ಕನೇನ್ರಿ ಕಾಕಾ?" ಅವರು ತಲೆ ಎತ್ತದೆ "ಇನ್ನಾ ಇಲ್ರಿ" ಎನ್ನುತ್ತಿದ್ದರು. ಆ "ಇನ್ನಾ" ನನ್ನ ಕಿವಿಗೆ ಆಗ ತಮಾಷೆಯಾಗಿಯೇ ಕೇಳಿಸುತ್ತಿತ್ತು.

ನಾಲ್ಕನೆಯ ಸಂಪುಟದ ಮೊದಲ ಪುಟದಲ್ಲಿಯೇ ಸೋಮಿಲನ ತಿಥಿ ನಡೆಯುತ್ತದೆ. ಹೆಣ ಸಿಕ್ಕಿರುವುದಿಲ್ಲ. ಅವನ ರುಮಾಲನ್ನು ಸುಟ್ಟು ಬೂದಿಯನ್ನು ಹೊಳೆಗೆ ಬಿಡುತ್ತಾರೆ. ಅದನ್ನು ನಾನು ಓದಿಯಾಗಿತ್ತು. ನನ್ನ ಮುಖ ನೋಡಿ ಅವರಿಗೆ ಅನುಮಾನ ಬಂದಿರಬೇಕು. ಒಂದು ಸಲ ಬಸಿಯ ಚಹಾ ಊದುತ್ತ, "ಮುಂದ ಅವ ಬರ್ತಾನೋ ಇಲ್ಲೋ ನಿಮಗ ಗೊತ್ತೈತಿ. ಹೇಳಬ್ಯಾಡ್ರಿ" ಎಂದರು. ನಾನು ಹೇಳಲಿಲ್ಲ. ನಿವೃತ್ತಿಯ ದಿನ ಅಮೀನಗಡದ ಕರದಂಟು ತಂದು ಎಲ್ಲರಿಗೂ ಹಂಚಿ, ರಟ್ಟು ಸಮೇತ "ಮಂಜುಹೊಳೆ"ಯನ್ನು ನನ್ನ ಮೇಜಿನ ಮೇಲಿಟ್ಟರು. ನಾಲ್ಕನೆಯದನ್ನು ಆಗ ನಾನು ಮತ್ತೆ ಕೊಡಲು ಹೋಗಲಿಲ್ಲ. ಅಷ್ಟರಲ್ಲಿ ನನಗೆ ವಿಷಯ ತಿಳಿದಿತ್ತು.

ಅದು ತಿಳಿದದ್ದು ಒಂದು ದಾವೆಯಿಂದ. ಹಸಿರು ಇಳಕಲ್ ಸೀರೆಯುಟ್ಟ ಹೆಣ್ಣುಮಗಳೊಬ್ಬಳು ವಕೀಲರ ಜೊತೆ ಬಂದು ಬೆಂಚಿನ ಮೇಲೆ ಕುಳಿತಿದ್ದಳು. ಕಾಕಾ ಅವಳಿಗೆ ನೀರು ತಂದುಕೊಟ್ಟರು. ಗುರುತಿನವಳಿರಬೇಕು ಎಂದುಕೊಂಡೆ. ಅವರ ಸೊಸೆ. ಗಂಡ ಕಾಣೆಯಾಗಿ ಏಳು ವರ್ಷ ದಾಟಿದೆ, ಸತ್ತಿದ್ದಾನೆಂದು ಕೋರ್ಟು ಘೋಷಿಸಬೇಕು ಎಂಬುದು ಅವಳ ದಾವೆ. ಬಾದಾಮಿಯ ಕಡೆಯ ಒಬ್ಬರು ಅವಳನ್ನು ಮದುವೆಯಾಗಲು ಒಪ್ಪಿದ್ದರು. ಸರ್ಕಾರಿ ನೌಕರಿಯವರು, ಕೋರ್ಟಿನ ಆದೇಶ ಕೈಗೆ ಬಾರದೆ ಮುಂದುವರಿಯುವಂತಿರಲಿಲ್ಲ. ಆ ಸಂಬಂಧ ಹುಡುಕಿದವರೂ, ಅವಳನ್ನು ವಕೀಲರ ಹತ್ತಿರ ಕರೆದುಕೊಂಡು ಬಂದವರೂ ಕಾಕಾನೇ. ನಾನು ಇಷ್ಟು ವರ್ಷ ಜೊತೆಗಿದ್ದೂ ಅವರಿಗೊಬ್ಬ ಮಗ ಇದ್ದನೆಂದೇ ನನಗೆ ಗೊತ್ತಿರಲಿಲ್ಲ.

ಮಾವನೂ ಸಾಕ್ಷಿ ಹೇಳಬೇಕಿತ್ತು. ದಿನವೂ ಯಾರು ಯಾರನ್ನೋ ಕರೆದು ನಿಲ್ಲಿಸುತ್ತಿದ್ದ ಕಟಕಟೆಯಲ್ಲಿ ಅವತ್ತು ತಾವೇ ಹೋಗಿ ನಿಂತರು. ಎದೆಯ ಮೇಲಿನ ಬಿಲ್ಲೆಪಟ್ಟಿಯನ್ನು ಬಿಚ್ಚಿ ನನ್ನ ಮೇಜಿನ ಮೇಲಿಟ್ಟು ಹೋಗಿದ್ದರು. ಇಂಥ ದಾವೆಯಲ್ಲಿ ಎದುರು ಪಕ್ಷ ಸರ್ಕಾರವೇ. ಸರ್ಕಾರಿ ವಕೀಲರು ಮಗನನ್ನು ಹುಡುಕಿದ್ದೀರಾ ಎಂದು ಕೇಳಿದರು.

"ಹುಡಿಕೀನ್ರಿ. ಕಲ್ಲಿನ ಲಾರಿ ಮ್ಯಾಲ ಗೋವಾ ಕಡೆ ಹೋಗಿದ್ದ. ಘಟ್ಟದಾಗ ಲಾರಿ ನಿಂದ್ರಿಸಿದಾಗ ಕೆಳಗ ಇಳದಾನ. ಮಂಜು ಬಿದ್ದಿತ್ತಂತ. ಆಮ್ಯಾಲ ಬರಲಿಲ್ಲ. ಡ್ರೈವರ್‌ನ ಮನಿಗೆ ಹೋಗಿ ಕೇಳಿದ್ನಿ. 'ಕಾದ್ವಿ ಕಾಕಾ, ಬರಲಿಲ್ಲ, ಹೊಂಟ್ವಿ' ಅಂದ. 'ಕೂಗಿದ್ಯೇನಪಾ' ಅಂದ್ನಿ. 'ಹಾರ್ನ್ ಹೊಡದ್ವಿ' ಅಂದ. ಹೆಸರು ಹಿಡದು ಕೂಗಿಲ್ರಿ ಸಾಹೇಬ್ರ. ಹಾರ್ನ್ ಹೊಡದಾರ."

ನನ್ನ ಬೆರಳು ನಿಂತವು. ನ್ಯಾಯಾಧೀಶ ಸಾಹೇಬರು ನನ್ನ ಕಡೆ ನೋಡಿದರು. ನಾನು ಟೈಪು ಮಾಡಿದೆ.

ಸಾಕ್ಷಿಯನ್ನು ಎದುರು ಪಕ್ಷದವರು ಪ್ರಶ್ನಿಸುವಾಗ ಕೊನೆಗೊಂದು ಕ್ರಮ ಇದೆ. ನೀವು ಹೇಳಿದ್ದು ಸುಳ್ಳು, ನಿಜ ಇಂಥದ್ದು ಎಂದು ಒಂದು ಮಾತು ಹಾಕುತ್ತಾರೆ. ಸಾಕ್ಷಿ ಅಲ್ಲಗಳೆದರೆ ನಾವು "ಎಂದರೆ ಸರಿಯಲ್ಲ" ಎಂದು ಬರೆದುಕೊಳ್ಳುತ್ತೇವೆ. ದಿನಕ್ಕೆ ಎಷ್ಟು ಸಲ ಅದನ್ನು ಟೈಪು ಮಾಡುತ್ತೇನೋ ಲೆಕ್ಕವಿಲ್ಲ. ಸರ್ಕಾರಿ ವಕೀಲರೂ ಆ ಕ್ರಮದಂತೆಯೇ ಕೇಳಿದರು, ಅವರಿಗೂ ಮುಜುಗರವಾಗಿತ್ತು: "ನಿಮ್ಮ ಮಗ ಎಲ್ಲೋ ಬದುಕಿದ್ದಾನೆ ಅಂತ ನಾನು ಹೇಳ್ತೇನಿ."

ಕಾಕಾನ ಮುಖ ಅರಳಿತು. "ನಿಮ್ಮ ಬಾಯಾಗ ಸಕ್ರಿ ಬೀಳಲಿ ವಕೀಲ್ರ" ಎಂದರು.

ಯಾರೂ ನಗಲಿಲ್ಲ. ಸಾಹೇಬರು ಮೆತ್ತಗೆ, "ಹಂಗಲ್ಲ ಕಾಕಾ. ಅವರು ಹೇಳಿದ್ದು ಸರಿಯೋ, ಸರಿಯಲ್ಲೋ, ಅಷ್ಟು ಹೇಳಬೇಕು" ಎಂದರು. ಕಾಕಾ ಸೊಸೆಯ ಕಡೆ ನೋಡಿದರು. ಅವಳು ತಲೆ ತಗ್ಗಿಸಿ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿಕೊಳ್ಳುತ್ತಿದ್ದಳು. ಕಾಕಾ ಗೋಡೆಯ ಕಡೆ ತಿರುಗಿ "ಸರಿಯಲ್ರಿ" ಎಂದರು. ನಾನು ಬರೆದುಕೊಂಡೆ: ನನ್ನ ಮಗ ಬದುಕಿದ್ದಾನೆ ಎಂದರೆ ಸರಿಯಲ್ಲ. ಕೆಳಗೆ ಅವರು ಸಹಿ ಹಾಕಿದರು. ಬಿಲ್ಲೆಪಟ್ಟಿ ಎತ್ತಿಕೊಂಡು ಹಾಕಿಕೊಂಡು ಬಾಗಿಲಿಗೆ ಹೋಗಿ ಮುಂದಿನ ಕೇಸಿನ ಹೆಸರು ಕೂಗಿದರು. ನಾನು ಅವತ್ತು ಮಧ್ಯಾಹ್ನ ಬುತ್ತಿ ಬಿಚ್ಚಲಿಲ್ಲ. ರೇಗಿಸಿದ್ದೆಲ್ಲ ನೆನಪಾಗುತ್ತಿತ್ತು. ಸಂಜೆ ಬಸ್ಸಿನಲ್ಲಿ ಹೊಳೆಯ ಅಧ್ಯಾಯವನ್ನು ಮೊದಲ ಸಲ ನಿಧಾನವಾಗಿ ಓದಿದೆ. ಕಾಕಾ ಹೇಳಿದ್ದು ನಿಜ. ಅಷ್ಟು ಜನ ಇದ್ದಾರೆ, ಒಬ್ಬರೂ ಕೂಗುವುದಿಲ್ಲ.

ಆದೇಶದ ದಿನ ಬಂತು. ಬೆಂಚ್ ಕ್ಲರ್ಕ್ ಮೊದಲೇ ಹೇಳಿದ್ದರು: "ಕಾಕಾ, ಇವತ್ತು ರಜಾ ಹಾಕ್ರಿ. ಬ್ಯಾರೆಯವರು ನೋಡ್ಕೋತಾರ." ಕಾಕಾ ಕೇಳಿಸದವರಂತೆ ನೀರಿನ ಕೊಡ ತುಂಬಿಸಿದರು. ದಾವೆಯ ಸರದಿ ಬಂದಾಗ ಸೊಸೆಯ ಹೆಸರು ಕೂಗಿದರು, ಅವಳು ಒಳಗೆ ಬಂದಳು. ಸಾಹೇಬರು ಕಡತ ತೆರೆದರು. ಕಾಕಾ ಬಾಗಿಲ ಬಳಿಯಿಂದ ಕದಲಲಿಲ್ಲ.

"ಸಾಹೇಬ್ರ, ಇನ್ನೊಂದು ಪುಕಾರು ಐತ್ರಿ."

ಸೊಸೆಯ ವಕೀಲರು ಬಗ್ಗಿ, "ಕಾಕಾ, ನಿಮ್ಮ ಮಗ ಪಾರ್ಟಿ ಅಲ್ಲ. ಅವನ್ನ ಕೂಗೂದು ಬೇಕಾಗಿಲ್ಲ" ಎಂದು ಪಿಸುಗುಟ್ಟಿದರು. ಖರೆ, ಕಾನೂನಿನಲ್ಲಿ ಅದರ ಅಗತ್ಯವಿರಲಿಲ್ಲ. ಕಾಣೆಯಾದವನನ್ನು ಕೋರ್ಟಿನ ಬಾಗಿಲಲ್ಲಿ ಯಾರೂ ಕೂಗುವುದಿಲ್ಲ. ಸಾಹೇಬರು ಪೆನ್ನು ಕೆಳಗಿಟ್ಟರು.

"ಕೂಗ್ರಿ" ಎಂದರು.

ಪುಕಾರಿನಲ್ಲಿ ಬರೀ ಹೆಸರು ಕೂಗುವುದಿಲ್ಲ. ತಂದೆಯ ಹೆಸರು, ಊರು ಸೇರಿಸಬೇಕು. ಬೀರಪ್ಪ ದೇವರ ಒಕ್ಕಲಿನವರು ಹೆಚ್ಚಿರುವ ನಮ್ಮ ಕಡೆ ಒಬ್ಬ ಬೀರಪ್ಪನನ್ನು ಕರೆದರೆ ನಾಲ್ಕು ಜನ ಓಡಿ ಬಂದಾರು. ಆದರೆ ಈ ಪುಕಾರಿಗೆ ತಂದೆಯ ಹೆಸರು ಸೇರಿಸಬೇಕೆಂದರೆ ಕಾಕಾ ತಮ್ಮ ಹೆಸರನ್ನೇ ಕೂಗಬೇಕಿತ್ತು. ಹೊಸ್ತಿಲ ಮೇಲೆ ನಿಂತು, ಗಂಟಲು ಸರಿ ಮಾಡಿಕೊಂಡು, ಹಿತ್ತಲಿನಲ್ಲಿ ಆಡುತ್ತಿರುವವನನ್ನು ಕರೆಯುವ ಹಾಗೆ ಕೂಗಿದರು.

"ಬೀರಪ್ಪಾ!"

ಬೇವಿನ ಮರದ ಕೆಳಗಿದ್ದವರು ತಲೆ ಎತ್ತಿದರು. ಕಾಕಾ ಕಾದರು. ಯಾವ ವಕೀಲರೂ ಗಡಿಯಾರ ನೋಡಿಕೊಳ್ಳಲಿಲ್ಲ.

"ಬೀರಪ್ಪಾ, ಬಾರೋ!"

"ಬಂದ್ನಿರಿ! ಇದ್ದೀನ್ರಿ!"

ನಾನು ಕುರ್ಚಿ ಬಿಟ್ಟು ಎದ್ದುಬಿಟ್ಟೆ. ಸೊಸೆ ಎರಡೂ ಕೈಗಳಿಂದ ಬೆಂಚು ಹಿಡಿದುಕೊಂಡಳು. ಚಹಾದಂಗಡಿಯ ಕಡೆಯಿಂದ ಮೂವತ್ತರ ಆಸುಪಾಸಿನ ಒಬ್ಬ ಗಂಡಸು ಬಾಯಿ ಒರೆಸಿಕೊಳ್ಳುತ್ತ ಓಡಿ ಬಂದು ಬಾಗಿಲಲ್ಲಿ ನಿಂತ. ಬೇರೆ ಯಾವುದೋ ಕೇಸಿನವನು, ಬೇರೆ ಯಾವುದೋ ಊರಿನವನು. ಏದುಸಿರು ಬಿಡುತ್ತಿದ್ದ. "ನನ್ನ ಕೇಸ್ ಬಂತೇನ್ರಿ ಕಾಕಾ?" ಎಂದ.

ಕಾಕಾ ಅವನ ಮುಖ ನೋಡಿದರು. ಅವನ ಭುಜದ ಮೇಲೆ ಕೈ ಇಟ್ಟರು.

"ಉಂಡ್ಯೇನಪಾ?"

"ಉಂಡೀನ್ರಿ."

"ಹಂಗಾರ ಹೋಗು. ನಿನ್ನ ಕೇಸ್ ಇನ್ನಾ ಬಂದಿಲ್ಲ."

ಅವನು ಮೆಟ್ಟಿಲಿಳಿದು ಹೋದ. ಕಾಕಾ ಅವನನ್ನೇ ನೋಡುತ್ತ ನಿಂತರು. ಎಲ್ಲರೂ ಮೂರನೆಯ ಕೂಗಿಗಾಗಿ ಕಾದೆವು. ಸಾಹೇಬರೂ ಕಾದರು. ಕಾಕಾ ಹೊರಗಿನಿಂದ ಮುಖ ತಿರುಗಿಸಿ, ಒಳಗೆ ಬಂದು, ಸೊಸೆಯ ಪಕ್ಕದಲ್ಲಿ ನಿಂತರು.

"ಗೈರು, ಸಾಹೇಬ್ರ" ಎಂದರು.

ನೌಕರಿಯಲ್ಲಿ ಅವರು ಮೂರನೆಯದನ್ನು ಉಳಿಸಿಕೊಂಡು, ಎರಡೇ ಸಲ ಕೂಗಿ ಒಳಗೆ ಬಂದದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಸಾಹೇಬರು ಏನೂ ಕೇಳಲಿಲ್ಲ. ಆದೇಶ ಹೇಳತೊಡಗಿದರು.